ಶುಕ್ರವಾರ ಸಂಜೆಯ ಗಡುವು: ಮೈಸೂರಿನ ಅಡುಗೆಮನೆಯಲ್ಲಿ ಯಹೂದಿ ಊಟ, ಹಬ್ಬ

ಮೈಸೂರಿನಲ್ಲಿ ಯಹೂದಿ ಪದ್ಧತಿಯ ಅಡುಗೆ ಮಾಡಬೇಕಾಗಿ ಬರುವ ಮನೆಗಳು ಸಾಮಾನ್ಯವಾಗಿ ಎರಡು ಥರ. ಅಳಿಯನೋ ಸೊಸೆಯೋ ಯಹೂದಿ ಆಗಿರುವ ಮನೆ ಒಂದು. ಗೋಕುಲಂ ಕಡೆ ಯೋಗ ಕಲಿಯಲು ಬಂದವರಿಗೆ ಮಹಡಿ ಬಾಡಿಗೆಗೆ ಕೊಟ್ಟು, ಊಟದ ಹೊಣೆಯನ್ನೂ ಒಪ್ಪಿಕೊಂಡ ಮನೆ ಇನ್ನೊಂದು. ಇಬ್ಬರಿಗೂ ಮೊದಲು ತಲೆಬಿಸಿ ಆಗುವುದು ಏನು ಹಾಕಬಹುದು, ಏನು ಹಾಕಬಾರದು ಅನ್ನುವುದು. ಅದೇನೋ ಬೇಗ ರೂಢಿಯಾಗುತ್ತದೆ. ಕೊನೆಯವರೆಗೂ ಕಾಡುವುದು ಗಡಿಯಾರ. ಹಾಗಾಗಿ ಇಲ್ಲಿ ರುಚಿಗಿಂತ ಹೊತ್ತಿನ ಮಾತೇ ಜಾಸ್ತಿ.

ಪದಾರ್ಥದ ವಿಷಯ ಮೊದಲು ಮುಗಿಸೋಣ. ಮಾಂಸ ಮತ್ತು ಹಾಲು ಒಂದೇ ಊಟದಲ್ಲಿ ಸೇರುವಂತಿಲ್ಲ, ಪಾತ್ರೆಗಳೂ ಬೇರೆ. ಮಾಂಸ ತಿಂದ ಮೇಲೆ ಹಾಲು ಮುಟ್ಟಲು ಹೆಚ್ಚಿನವರು ಆರು ಗಂಟೆ ಕಾಯುತ್ತಾರೆ, ಜರ್ಮನ್ ಮೂಲದವರು ಮೂರು. ಎರಡಕ್ಕೂ ಸೇರದ ತರಕಾರಿ, ಕಾಳು, ಧಾನ್ಯ, ಮೊಟ್ಟೆ, ಮೀನಿಗೆ ಪಾರ್ವೆ ಅನ್ನುತ್ತಾರೆ. ಮಾಂಸವಾದರೆ ಶಾಸ್ತ್ರ ಕಲಿತ ಯಹೂದಿಯೇ ಕೊಯ್ದಿರಬೇಕು, ಹಲಾಲ್ ಅಂಗಡಿಯದು ನಡೆಯುವುದಿಲ್ಲ. ಆದ್ದರಿಂದ ಮೈಸೂರಿನಲ್ಲಿ ಅಡುಗೆಮನೆಯನ್ನು ಪೂರ್ತಿ ಸಸ್ಯಾಹಾರಿಯಾಗಿ ಇಟ್ಟುಕೊಳ್ಳುವುದೇ ಜಾಣತನ. ಬೇಕಿದ್ದರೆ ಮೀನು, ಮೊಟ್ಟೆ. ಎರಡು ಜೊತೆ ಪಾತ್ರೆ, ಆರು ಗಂಟೆಯ ಲೆಕ್ಕ ಎಲ್ಲ ಒಂದೇ ಏಟಿಗೆ ಹೋಗುತ್ತದೆ. ಮೀನಿಗೆ ಈಜುರೆಕ್ಕೆಯೂ ಹುರುಪೆಯೂ ಇರಬೇಕು: ರೋಹು, ಕಾಟ್ಲಾ, ಜಿಲೇಬಿ, ಬಂಗುಡೆ, ಭೂತಾಯಿ ಆಗುತ್ತವೆ. ಕ್ಯಾಟ್‌ಫಿಶ್, ಸೀಗಡಿ, ಏಡಿ ಇಲ್ಲ. ಚರ್ಮ ಸುಲಿದ ತುಂಡು ತರಬೇಡಿ, ಹುರುಪೆ ಕಣ್ಣಾರೆ ಕಂಡ ಮೀನೇ ಆಗಬೇಕು.

ಸಸ್ಯಾಹಾರದಲ್ಲಿ ಉಳಿಯುವ ದೊಡ್ಡ ತೊಡಕು ಹುಳ. ಬರಿಗಣ್ಣಿಗೆ ಕಾಣುವ ಯಾವ ಹುಳವೂ ಬಾಯಿಗೆ ಹೋಗಕೂಡದು. ಕೊತ್ತಂಬರಿ, ಮೆಂತ್ಯ, ದಂಟು ಯಾವುದೇ ಆಗಲಿ, ಎಲೆ ಬಿಡಿಸಿ, ಎರಡು ಲೀಟರ್ ನೀರಿಗೆ ಒಂದು ದೊಡ್ಡ ಚಮಚ ಉಪ್ಪು, ಎರಡು ಚಮಚ ವಿನೆಗರ್ ಹಾಕಿ ಹತ್ತು ನಿಮಿಷ ಮುಳುಗಿಸಿಡಿ. ಚೆನ್ನಾಗಿ ಅಲುಗಿಸಿ ತೆಗೆದು ಮೂರು ನೀರಿನಲ್ಲಿ ತೊಳೆಯಿರಿ. ಕೊನೆಯ ನೀರನ್ನು ಬಿಳಿ ಪಂಚೆಯ ತುಂಡಿನಲ್ಲಿ ಸೋಸಿ ಕಿಟಕಿಯ ಬೆಳಕಿಗೆ ಹಿಡಿಯಿರಿ. ಒಂದು ಚುಕ್ಕೆ ಅಲುಗಾಡಿದರೂ ಮತ್ತೆ ಮೊದಲಿಂದ. ಮಳೆಗಾಲದಲ್ಲಿ ಹೂಕೋಸಿನ ತಂಟೆಗೇ ಹೋಗಬೇಡಿ, ಅದರ ಸಂದಿಯಲ್ಲಿ ಕೂತ ಹೇನು ಬಿಸಿನೀರಿಗೂ ಜಗ್ಗುವುದಿಲ್ಲ. ಅಕ್ಕಿ, ಬೇಳೆ ಮೊರದಲ್ಲಿ ಹಾಕಿ ಆರಿಸಬೇಕು, ರವೆ, ಮೈದಾ ಸಣ್ಣ ಜರಡಿಯಲ್ಲಿ ಇಳಿಯಬೇಕು, ಖರ್ಜೂರ ಒಂದೊಂದನ್ನೂ ಸೀಳಿ ನೋಡಬೇಕು. ನಮ್ಮ ಅತ್ತಿಹಣ್ಣು ಬೇಡವೇ ಬೇಡ. ಮೊಟ್ಟೆಯನ್ನು ನೇರ ಹಿಟ್ಟಿಗೆ ಒಡೆಯದೆ ಗಾಜಿನ ಲೋಟಕ್ಕೆ ಒಂದೊಂದಾಗಿ ಒಡೆದು, ರಕ್ತದ ಚುಕ್ಕೆ ಇದ್ದರೆ ಚೆಲ್ಲಿ.

ಇನ್ನೊಂದು ಸೂಕ್ಷ್ಮ ಇದೆ. ಯಹೂದಿ ಅಲ್ಲದವರು ಪೂರ್ತಿ ತಾವೇ ಬೇಯಿಸಿದ್ದನ್ನು ಕಟ್ಟುನಿಟ್ಟಿನವರು ತಿನ್ನುವುದಿಲ್ಲ. ಯುರೋಪ್ ಮೂಲದ ಅಶ್ಕೆನಾಜಿಗಳಾದರೆ ಒಲೆ ಅವರು ಹಚ್ಚಿದರೆ ಸಾಕು. ಸ್ಪೇನ್, ಅರಬ್ ನಾಡುಗಳ ಕಡೆಯ ಸೆಫಾರ್ಡಿ ಪದ್ಧತಿಯವರು ಪಾತ್ರೆಯನ್ನೂ ತಾವೇ ಒಲೆಯ ಮೇಲೆ ಇಡಬೇಕು. ಅತ್ತೆಯವರು ಇದನ್ನು ಮನಸ್ಸಿಗೆ ಹಚ್ಚಿಕೊಳ್ಳುವುದು ಬೇಡ. ಹೆಚ್ಚುವುದು, ರುಬ್ಬುವುದು, ಒಗ್ಗರಣೆಗೆ ಹೊಂದಿಸುವುದು ಎಲ್ಲ ಅವರದೇ. ಅಳಿಯಂದಿರು ಬಂದು ಲೈಟರ್ ಒತ್ತಿ ಕುಕ್ಕರ್ ಇಟ್ಟು ಹೋದರೆ ಮುಗಿಯಿತು. ಹಾಲಿನ ವಿಷಯದಲ್ಲಿ ಒಂದೊಂದು ಮನೆಯದು ಒಂದೊಂದು ರೀತಿ: ಕರೆಯುವಾಗ ಯಹೂದಿಯೊಬ್ಬ ನೋಡುತ್ತಿರಬೇಕು ಅನ್ನುವವರಿದ್ದಾರೆ, ಪ್ಯಾಕೆಟ್ ಹಾಲು ಸಾಕು ಅನ್ನುವವರೂ ಇದ್ದಾರೆ. ಮೊದಲ ದಿನವೇ ಕೇಳಿ ಇಟ್ಟುಕೊಳ್ಳಿ.

ಈಗ ಗಡಿಯಾರ. ಶಬ್ಬಾತ್, ಅಂದರೆ ಯಹೂದಿಗಳ ವಾರದ ವಿಶ್ರಾಂತಿ ದಿನ, ಶುಕ್ರವಾರ ಸೂರ್ಯಾಸ್ತಕ್ಕೆ ಶುರುವಾಗಿ ಶನಿವಾರ ಸಂಜೆ ಮೂರು ನಕ್ಷತ್ರ ಕಂಡ ಮೇಲೆ ಮುಗಿಯುತ್ತದೆ. ದೀಪ ಹಚ್ಚುವುದು ಸೂರ್ಯಾಸ್ತಕ್ಕೆ 18 ನಿಮಿಷ ಮುಂಚೆ. ಮೈಸೂರಲ್ಲಿ ನವೆಂಬರ್ ಕೊನೆಗೆ ಸೂರ್ಯ ಸುಮಾರು 5:50ಕ್ಕೆ ಮುಳುಗಿದರೆ ಜುಲೈ ಮೊದಲ ವಾರ 6:50ರ ಸುಮಾರು. ಅಂದರೆ ವರ್ಷವಿಡೀ ಗಡುವು ಐದೂವರೆಗೂ ಆರೂವರೆಗೂ ನಡುವೆಯೇ ಓಲಾಡುತ್ತದೆ. ಆಮೇಲೆ ಒಲೆ ಹಚ್ಚುವುದು, ಆರಿಸುವುದು, ಬೇಯಿಸುವುದು, ಸ್ವಿಚ್ ಒತ್ತುವುದು ಏನೂ ಇಲ್ಲ. ‘ನಾವು ಯಹೂದಿ ಅಲ್ಲವಲ್ಲ, ನಾವೇ ಬಿಸಿ ಮಾಡಿಕೊಡೋಣ’ ಅಂತ ಒಳ್ಳೆ ಮನಸ್ಸಿನಿಂದ ಗ್ಯಾಸ್ ಹಚ್ಚಿದರೆ ಆ ಊಟ ಅವರಿಗೆ ದಕ್ಕುವುದಿಲ್ಲ. ಅವರಿಗಾಗಿ ಮಾಡಿದ ಕೆಲಸದ ಫಲವನ್ನು ಅವತ್ತು ಅವರು ಅನುಭವಿಸುವಂತಿಲ್ಲ. ಫ್ರಿಜ್ ಬಾಗಿಲು ತೆರೆದರೆ ದೀಪ ಹತ್ತುತ್ತದೆ, ಅದರ ಗುಂಡಿಗೆ ಶುಕ್ರವಾರವೇ ಟೇಪ್ ಅಂಟಿಸಿ.

ಶುಕ್ರವಾರದ ಕೆಲಸವನ್ನು ಗಡುವಿನಿಂದ ಹಿಂದಕ್ಕೆ ಎಣಿಸಿ. ಗುರುವಾರ ರಾತ್ರಿಯೇ ಕಾಬೂಲಿ ಕಡಲೆ, ಒಣದ್ರಾಕ್ಷಿ ನೆನೆಹಾಕಿ. ಬೆಳಿಗ್ಗೆ ದೇವರಾಜ ಮಾರುಕಟ್ಟೆಯಿಂದ ಸೊಪ್ಪು ಬಂದ ಕೂಡಲೇ ಆರಿಸಲು ಕೂತುಬಿಡಿ, ಸಂಜೆಗೆ ಉಳಿಸಿದರೆ ಕೆಡುವುದು ಈ ಕೆಲಸವೇ. ಹನ್ನೆರಡಕ್ಕೆ ಬ್ರೆಡ್ಡಿನ ಹಿಟ್ಟು, ಎರಡಕ್ಕೆ ಓವನ್, ಮೂರಕ್ಕೆ ಶನಿವಾರದ ಹಂಡೆ ಒಲೆಗೆ. ಐದಕ್ಕೆ ಒಲೆಯ ಮೇಲೆ ತಗಡು ಹಾಸಿ, ಸ್ನಾನಕ್ಕೆ ಹೊರಟಿರಬೇಕು.

ಆ ಬ್ರೆಡ್ಡಿನ ಹೆಸರು ಹಲ್ಲಾ. ಜಡೆಯಂತೆ ಹೆಣೆದ ಎರಡು ಬ್ರೆಡ್ ಬೇಕು. ಅರ್ಧ ಕೆಜಿ ಮೈದಾ, 7 ಗ್ರಾಂ ಇನ್‌ಸ್ಟಂಟ್ ಯೀಸ್ಟ್, 60 ಗ್ರಾಂ ಸಕ್ಕರೆ, 8 ಗ್ರಾಂ ಉಪ್ಪು, ಎರಡು ಮೊಟ್ಟೆ, 60 ಮಿಲೀ ಎಣ್ಣೆ, 180 ಮಿಲೀ ನೀರು. ವಿದೇಶಿ ಪಾಕವಿಧಾನದಲ್ಲಿ ನೀರು ಇದಕ್ಕಿಂತ ಹೆಚ್ಚಿರುತ್ತದೆ. ನಮ್ಮ ಮೈದಾದಲ್ಲಿ ಜಿಗುಟು ಕಡಿಮೆ ಇರುವುದರಿಂದ ಅಷ್ಟು ನೀರು ಹೀರದೆ ಹಿಟ್ಟು ಕೈಗೆ ಅಂಟಿ ಜಡೆ ನಿಲ್ಲುವುದಿಲ್ಲ. ಹತ್ತು ನಿಮಿಷ ನಾದಿ, ಒಂದು ಗಂಟೆ ಮುಚ್ಚಿಡಿ, ಎರಡು ಪಾಲು ಮಾಡಿ ಮೂರೆಳೆ ಹೆಣೆದು ಮತ್ತೆ ಮುಕ್ಕಾಲು ಗಂಟೆ ಬಿಡಿ. ಏಪ್ರಿಲ್ ಸೆಖೆಯಲ್ಲಿ ಯೀಸ್ಟ್ 5 ಗ್ರಾಂ, ನೀರು ಫ್ರಿಜ್ಜಿನದು. ಇಲ್ಲದಿದ್ದರೆ ಹಿಟ್ಟು ಅರ್ಧ ಗಂಟೆಯಲ್ಲೇ ಉಬ್ಬಿ, ಓವನ್‌ಗೆ ಹೋಗುವ ಹೊತ್ತಿಗೆ ಕುಗ್ಗಿ, ಜಡೆಯ ಗೆರೆ ಅಳಿಸಿಹೋಗುತ್ತದೆ. ಮೇಲೆ ಮೊಟ್ಟೆ ಸವರಿ 180 ಡಿಗ್ರಿಯಲ್ಲಿ ಸುಮಾರು 28 ನಿಮಿಷ. ಸಣ್ಣ ಓಟಿಜಿಯಲ್ಲಿ ಮೇಲ್ಗಡೆ ಬೇಗ ಕಪ್ಪಾಗುತ್ತದೆ, 15 ನಿಮಿಷಕ್ಕೆ ಫಾಯಿಲ್ ಮುಚ್ಚಿ. ತಳ ತಟ್ಟಿದರೆ ಟೊಳ್ಳು ಸದ್ದು ಬರಬೇಕು. ಒಮ್ಮೆಗೆ 1.66 ಕೆಜಿಗಿಂತ ಹೆಚ್ಚು ಹಿಟ್ಟು ಕಲಸಿದರೆ ಒಂದು ಸಣ್ಣ ಉಂಡೆ ತೆಗೆದು, ಪ್ರಾರ್ಥನೆ ಹೇಳಿ ಸುಡುವ ಪದ್ಧತಿ ಇದೆ. ಅರ್ಧ ಕೆಜಿಗೆ ಅದು ಬೇಕಿಲ್ಲ.

ವೈನ್ ಲೋಟ ಹಿಡಿದು ಹೇಳುವ ಪ್ರಾರ್ಥನೆಗೆ ಅಂಗಡಿ ವೈನ್ ಆಗುವುದಿಲ್ಲ, ಯಹೂದಿ ಆಹಾರ ನಿಯಮಕ್ಕೆ ಒಪ್ಪುತ್ತದೆ ಅನ್ನುವ ಕೋಷರ್ ಮುದ್ರೆಯದೇ ಬೇಕು. ಮಹಾರಾಷ್ಟ್ರದ ಬೆನೆ ಇಸ್ರಾಯೇಲ್ ಯಹೂದಿಗಳು ಇದಕ್ಕೆ ಒಣದ್ರಾಕ್ಷಿ ಶರಬತ್ತು ಬಳಸುತ್ತಾರೆ, ನಮಗೂ ಅದೇ ಸಲೀಸು. 250 ಗ್ರಾಂ ಕಪ್ಪು ಒಣದ್ರಾಕ್ಷಿ, ಒಂದು ಲೀಟರ್ ನೀರು. ರಾತ್ರಿ ನೆನೆಸಿ, ಬೆಳಿಗ್ಗೆ ಹದಿನೈದು ನಿಮಿಷ ಕುದಿಸಿ, ಆರಿದ ಮೇಲೆ ಕಿವುಚಿ ಬಟ್ಟೆಯಲ್ಲಿ ಹಿಂಡಿ. ನೀರು ಇನ್ನೂ ಹೆಚ್ಚಿಸಿ ತೆಳ್ಳಗೆ ಮಾಡಬೇಡಿ, ದ್ರಾಕ್ಷಿರಸ ಅನ್ನಿಸಿಕೊಳ್ಳಲು ಅದಕ್ಕೆ ಗಟ್ಟಿತನದ ಲೆಕ್ಕವಿದೆ.

ಶನಿವಾರ ಮಧ್ಯಾಹ್ನದ ಬಿಸಿ ಊಟಕ್ಕೆ ರಾತ್ರಿಯಿಡೀ ಸಣ್ಣ ಉರಿಯಲ್ಲಿ ಕೂರುವ ಹಮೀನ್. ಆರು ಜನಕ್ಕೆ: ನೆನೆದ ಕಾಬೂಲಿ ಕಡಲೆ (ಒಣಗಿದ್ದು 200 ಗ್ರಾಂ), 150 ಗ್ರಾಂ ಇಡೀ ಗೋಧಿ, ದೊಡ್ಡದಾಗಿ ಹೆಚ್ಚಿದ ನಾಲ್ಕು ಆಲೂಗಡ್ಡೆ, ಎರಡು ಈರುಳ್ಳಿ, ಚಿಪ್ಪು ಸಮೇತ ತೊಳೆದ ಆರು ಮೊಟ್ಟೆ, ಎಣ್ಣೆ, ಅರಿಶಿನ, ಜೀರಿಗೆ, ಮೆಣಸಿನಪುಡಿ, ಉಪ್ಪು, ಎರಡೂಕಾಲು ಲೀಟರ್ ನೀರು. ದಪ್ಪ ತಳದ ಡಬರಿಯಲ್ಲಿ ಮೂರರಿಂದ ಐದರವರೆಗೆ ಬೇಯಬೇಕು, ಯಾಕೆಂದರೆ ದೀಪ ಹಚ್ಚುವ ಹೊತ್ತಿಗೆ ಅದು ಊಟವಾಗಿರಬೇಕು. ಆಮೇಲಿನದು ಬಿಸಿ ಕಾಯುವುದು ಮಾತ್ರ. ಆಮೇಲೆ ಸಣ್ಣ ಬರ್ನರ್ ತೀರಾ ಕಡಿಮೆ ಮಾಡಿ, ಉರಿಯ ಮೇಲೂ ಗುಂಡಿಗಳ ಮೇಲೂ ಬರುವಷ್ಟು ಅಗಲದ ತಗಡು ಮುಚ್ಚಿ, ಅದರ ಮೇಲೆ ಡಬರಿ ಇಡಿ. ಕಿಟಕಿ ತೆರೆದಿರಲಿ. ಸಿಲಿಂಡರ್ ಮುಗಿಯುವ ಹಾಗಿದ್ದರೆ ಮಧ್ಯಾಹ್ನವೇ ಬದಲಿಸಿ. ಎಲೆಕ್ಟ್ರಿಕ್ ಹಾಟ್‌ಪ್ಲೇಟ್ ನೆಚ್ಚಿಕೊಂಡರೆ ರಾತ್ರಿ ಕರೆಂಟ್ ಹೋದಾಗ ಊಟವೂ ಹೋಯಿತು. ಇಂಡಕ್ಷನ್ ಒಲೆ ಕೆಲವು ಗಂಟೆಗೆ ತಾನೇ ಆರಿಹೋಗುತ್ತದೆ, ಅದು ಈ ಕೆಲಸಕ್ಕೆ ಬಾರದು. ಟೊಮ್ಯಾಟೊ, ಹುಣಸೆ ಬೇಡ, ಹುಳಿ ಬಿದ್ದರೆ ಕಡಲೆ ಮೆತ್ತಗಾಗುವುದಿಲ್ಲ. ತೆಂಗಿನಹಾಲು ಒಡೆದು ಕಮಟುತ್ತದೆ. ‘ಬಿಸಿಬೇಳೆಬಾತ್ ಇಟ್ಟರಾಯಿತು’ ಅನ್ನುವವರಿಗೆ ಒಂದೇ ಮಾತು: ಬೆಳಿಗ್ಗೆ ಡಬರಿಯಲ್ಲಿ ಸಿಗುವುದು ತಳ ಹಿಡಿದ ಅಂಟು.

ನಿಜ ಹೇಳಬೇಕೆಂದರೆ ಶಬ್ಬಾತ್‌ಗೆ ನಮ್ಮ ಪುಳಿಯೋಗರೆಯಷ್ಟು ಒಗ್ಗುವ ತಿಂಡಿ ಇನ್ನೊಂದಿಲ್ಲ. ಬಿಸಿ ಮಾಡುವ ಗೋಜಿಲ್ಲ, ಹಾಲಿಲ್ಲ, ಶನಿವಾರ ಬೆಳಿಗ್ಗೆಗೆ ಗೊಜ್ಜು ಇನ್ನಷ್ಟು ಹಿಡಿದಿರುತ್ತದೆ. ಕಾಯಿ ಹೋಳಿಗೆ, ಬೀಟ್ರೂಟ್ ಪಲ್ಯವೂ ತಣ್ಣಗೆ ನಡೆಯುತ್ತವೆ. ಕಾಫಿ ಇಲ್ಲದೆ ಆಗದವರು ಶುಕ್ರವಾರವೇ ಡಿಕಾಕ್ಷನ್ ಇಳಿಸಿ, ಕುದಿಯುವ ನೀರನ್ನು ಒಳ್ಳೆಯ ಸ್ಟೀಲ್ ಫ್ಲಾಸ್ಕಿಗೆ ತುಂಬಿಡಿ. ಶನಿವಾರ ನೀರನ್ನು ಒಂದು ಲೋಟಕ್ಕೆ, ಅದರಿಂದ ಇನ್ನೊಂದು ಲೋಟಕ್ಕೆ ಬಗ್ಗಿಸಿ, ಅದಕ್ಕೆ ಡಿಕಾಕ್ಷನ್, ಕಾಸಿದ ಹಾಲು ಸೇರಿಸುತ್ತಾರೆ. ಲೋಟ ಬದಲಾದಂತೆ ನೀರಿನ ಬೇಯಿಸುವ ಕಾವು ಇಳಿಯುತ್ತದೆ ಅನ್ನುವುದು ಲೆಕ್ಕ. ನೊರೆ ಕಾಫಿ ಆಗುವುದಿಲ್ಲ, ಕಾಫಿ ಅಂತೂ ಆಗುತ್ತದೆ.

ಹಬ್ಬಗಳಿಗೆ ಬರೋಣ. ಅವರ ಪಂಚಾಂಗವೂ ಚಾಂದ್ರಮಾನ, ಅಧಿಕ ಮಾಸವೂ ಉಂಟು: 19 ವರ್ಷಕ್ಕೆ ಏಳು, ಯಾವಾಗಲೂ ವಸಂತಕ್ಕೆ ಮುಂಚೆ. ನಮ್ಮ ಅಧಿಕ ಮಾಸ ಸಂಕ್ರಮಣ ತಪ್ಪಿದ ಕಡೆ ಬರುತ್ತದೆ. ಎರಡೂ ಹೊಂದಿದ ವರ್ಷ ಅವರ ಹೊಸವರ್ಷ ರೋಶ್ ಹಶಾನಾ ಮಹಾಲಯ ಅಮಾವಾಸ್ಯೆ ಕಳೆಯುತ್ತಲೇ, ನವರಾತ್ರಿಯ ಜೊತೆಗೆ ಬರುತ್ತದೆ. 2025ರಲ್ಲಿ ಎರಡೂ ಸೆಪ್ಟೆಂಬರ್ 22ಕ್ಕೆ ಶುರುವಾದವು, ಯೋಮ್ ಕಿಪ್ಪೂರ್ ಉಪವಾಸ ಅಕ್ಟೋಬರ್ 2ರ ವಿಜಯದಶಮಿಯಂದೇ ಬಿತ್ತು. 2026ರಲ್ಲಿ ನಮಗೆ ಅಧಿಕ ಜ್ಯೇಷ್ಠ, ಅವರಿಗೆ ಹೆಚ್ಚಿನ ತಿಂಗಳು 2027ರ ಮೊದಲ ಭಾಗದಲ್ಲಿ. ಹಾಗಾಗಿ ರೋಶ್ ಹಶಾನಾ ಸೆಪ್ಟೆಂಬರ್ 11ರ ಶುಕ್ರವಾರ ಸಂಜೆಗೇ ಬರುತ್ತದೆ, ಗಣೇಶನ ಹಬ್ಬ 14ಕ್ಕೆ. ಮಾರುಕಟ್ಟೆ ಕೆಲಸ ಎರಡಕ್ಕೂ ಸೇರಿಸಿ 10ರೊಳಗೆ ಮುಗಿಸಿ.

ರೋಶ್ ಹಶಾನಾ ರಾತ್ರಿ ಜೇನಿನಲ್ಲಿ ಅದ್ದಿದ ಸೇಬು ಎಲ್ಲರಿಗೂ ಗೊತ್ತು. ಸೆಫಾರ್ಡಿ, ಇರಾಕ್ ಮೂಲದವರ ಮನೆಯಲ್ಲಿ ಇನ್ನೂ ಕೆಲವು ಸಣ್ಣ ತುತ್ತುಗಳಿರುತ್ತವೆ: ಖರ್ಜೂರ, ದಾಳಿಂಬೆ, ಅಲಸಂದೆ, ಸೋರೆ ಅಥವಾ ಸಿಹಿಗುಂಬಳ, ಬೀಟ್ರೂಟ್ ಸೊಪ್ಪು, ಈರುಳ್ಳಿ ಜಾತಿಯ ಲೀಕ್. ಒಂದೊಂದಕ್ಕೂ ಒಂದೊಂದು ಹಾರೈಕೆ. ಲೀಕ್ ಸಿಗದಿದ್ದರೆ ಈರುಳ್ಳಿ ಹೂವಿನ ದಂಟು. ಮೀನಿನ ತಲೆ ಬೇಡದ ಮನೆಯಲ್ಲಿ ಇಡೀ ಬೆಳ್ಳುಳ್ಳಿ ಗಡ್ಡೆ ಸುಟ್ಟು ಇಡುತ್ತಾರೆ. ಆರು ಜನಕ್ಕೆ ಅಲಸಂದೆ 100 ಗ್ರಾಂ ಸಾಕು, ಇದು ಪಲ್ಯವಲ್ಲ, ಚಮಚದ ಲೆಕ್ಕ. ಹುಳಿ, ಕಹಿ ಪದಾರ್ಥ ಅವತ್ತು ದೂರ ಇಡುವವರು ಹೆಚ್ಚು, ನಿಂಬೆಹಣ್ಣಿನ ಚಿತ್ರಾನ್ನ ಮಾಡುವ ಮುಂಚೆ ಕೇಳಿ. ಈ ಹಬ್ಬ ಎಲ್ಲೆಡೆ ಎರಡು ದಿನ. ಯೋಮ್ ಕಿಪ್ಪೂರ್ ಬಿಟ್ಟು ಮಿಕ್ಕ ದೊಡ್ಡ ಹಬ್ಬಗಳನ್ನು ಇಸ್ರೇಲಿನಲ್ಲಿ ಒಂದು ದಿನ, ಹೊರಗೆ ಎರಡು ದಿನ ಆಚರಿಸುತ್ತಾರೆ. ನಾಲ್ಕು ತಿಂಗಳಿಗೆಂದು ಬಂದ ಇಸ್ರೇಲಿನವರು ಸಾಮಾನ್ಯವಾಗಿ ಒಂದೇ ದಿನ ಹಿಡಿಯುತ್ತಾರೆ. ಕೇಳದೆ ಎರಡನೇ ದಿನಕ್ಕೂ ಅಡುಗೆ ಮಾಡಿಟ್ಟರೆ ಮಿಗುತ್ತದೆ, ಮಾಡದಿದ್ದರೆ ಇನ್ನೂ ಫಜೀತಿ.

ಯೋಮ್ ಕಿಪ್ಪೂರ್ 25 ಗಂಟೆಯ ನಿರ್ಜಲ ಉಪವಾಸ. ಹಿಂದಿನ ಸಂಜೆಯ ಊಟದಲ್ಲಿ ಉಪ್ಪಿನಕಾಯಿ, ಹಪ್ಪಳ, ಖಾರದ ಸಾರು ಇಡಬೇಡಿ. ಅನ್ನ, ತೊವ್ವೆ, ಮೊಸರು, ಬಾಳೆಹಣ್ಣು ಸಾಕು. ಫಿಲ್ಟರ್ ಕಾಫಿಗೆ ಒಗ್ಗಿದವರು ನಾಲ್ಕು ದಿನ ಮುಂಚಿನಿಂದಲೇ ಲೋಟ ಕಡಿಮೆ ಮಾಡುತ್ತ ಬರದಿದ್ದರೆ ಮಧ್ಯಾಹ್ನಕ್ಕೆ ತಲೆ ಸಿಡಿಯುತ್ತದೆ. ಬಿಡುವಾಗ ಮೊದಲು ಎಳನೀರು, ಖರ್ಜೂರ. ಹೊಟ್ಟೆ ತುಂಬ ಊಟ ಅರ್ಧ ಗಂಟೆ ಬಿಟ್ಟು.

ಅದಾದ ಐದನೇ ದಿನ ಸುಕ್ಕೋತ್, ಚಪ್ಪರದಲ್ಲಿ ಕೂತು ಉಣ್ಣುವ ಹಬ್ಬ. ತಾರಸಿ ಇದ್ದರೆ ಚಿಂತೆಯಿಲ್ಲ, ಆದರೆ ನೀರಿನ ಟ್ಯಾಂಕ್, ಸಜ್ಜಾ, ಮರದ ಕೊಂಬೆ ಯಾವುದೂ ಮೇಲೆ ಚಾಚಿರಬಾರದು. ಹೊದಿಕೆಗೆ ನೆಲದಿಂದ ಬೆಳೆದು ಕಡಿದದ್ದೇ ಆಗಬೇಕು: ಬಿದಿರಿನ ಗಳು, ತೆಂಗಿನ ಗರಿ. ನೆರಳು ಬಿಸಿಲಿಗಿಂತ ಹೆಚ್ಚಿರಬೇಕು, ಸಂದಿಯಲ್ಲಿ ನಕ್ಷತ್ರ ಕಂಡರೆ ಒಳ್ಳೆಯದು. ಮಂಡ್ಯದಿಂದ ಕಬ್ಬಿನ ಜಲ್ಲೆ ತರಿಸುವ ಆಸೆ ಬಿಡಿ, ತಿನ್ನುವ ವಸ್ತು ಹೊದಿಕೆಗೆ ಬರುವುದಿಲ್ಲ. ಮಳೆ ಜೋರಾಗಿ ಊಟದ ತಟ್ಟೆಗೆ ಬಿದ್ದರೆ ಒಳಗೆ ಹೋಗಬಹುದು, ಟಾರ್ಪಾಲು ಹೊದಿಸಿಕೊಂಡು ಅಡಿಯಲ್ಲಿ ಉಣ್ಣುವಂತಿಲ್ಲ. ದೀಪಗಳ ಹಬ್ಬ ಹನುಕ್ಕಾಗೆ ಒಂಬತ್ತು ಹಣತೆ, ಕರಿದ ತಿಂಡಿ. ಎಂಟು ಹಣತೆ ಒಂದೇ ಎತ್ತರದಲ್ಲಿ ಸಾಲಾಗಿ, ಹಚ್ಚುವ ದೀಪ ಬೇರೆಯಾಗಿ. ಕತ್ತಲಾದ ಮೇಲೆ ಅರ್ಧ ಗಂಟೆ ಉರಿಯಬೇಕು. ಶುಕ್ರವಾರ ಬೆಳಕಿರುವಾಗಲೇ ಹಚ್ಚಬೇಕಾದ್ದರಿಂದ ಎಣ್ಣೆ ಸಾಕಷ್ಟು ಹೆಚ್ಚು ಹಾಕಿ.

ಎಲ್ಲಕ್ಕಿಂತ ದೊಡ್ಡ ಕೆಲಸ ಪೆಸಾಹ್, ಚೈತ್ರದ ಹುಣ್ಣಿಮೆಯ ಆಸುಪಾಸು. ಗೋಧಿ, ಬಾರ್ಲಿ, ಓಟ್ಸ್, ರೈ, ಸ್ಪೆಲ್ಟ್ ಐದರಿಂದ ಆದದ್ದು, ಹುಳಿಬಾರದ ಮಟ್ಸಾ ರೊಟ್ಟಿ ಬಿಟ್ಟು, ಯಾವುದೂ ಮನೆಯಲ್ಲಿ ಇರಕೂಡದು. ರವೆ, ಶಾವಿಗೆ, ಬಿಸ್ಕತ್ತು ಕಣ್ಣಿಗೆ ಬೀಳುತ್ತವೆ. ಕಣ್ಣು ತಪ್ಪಿಸುವುದು ಇಂಗು: ಡಬ್ಬಿಯ ಇಂಗಿಗೆ ಮೈದಾ ಬೆರೆಸಿರುತ್ತಾರೆ. ಅದನ್ನು ಹಾಕಿದ ಸಾರಿನಪುಡಿ, ಉಪ್ಪಿನಕಾಯಿ, ಹಪ್ಪಳವೂ ಹೊರಗೆ. ಇನ್ನೊಂದು ಗಿರಣಿ. ಗೋಧಿ ಬೀಸಿದ ಕಲ್ಲಿಗೇ ನಿಮ್ಮ ರಾಗಿ, ಅಕ್ಕಿ ಬೀಳುತ್ತದೆ, ಆ ಹಿಟ್ಟು ಆಗುವುದಿಲ್ಲ. ಬೇಕಾದರೆ ಹೊಸ ಜಾರಿನಲ್ಲಿ ಮನೆಯಲ್ಲೇ ಪುಡಿ ಮಾಡಿ. ಸ್ಟೀಲ್ ಪಾತ್ರೆ ಉಜ್ಜಿ, 24 ಗಂಟೆ ಬಳಸದೆ ಬಿಟ್ಟು, ಕುದಿಯುವ ನೀರಲ್ಲಿ ಪೂರ್ತಿ ಮುಳುಗಿಸಿ ತೆಗೆದರೆ ನಡೆಯುತ್ತದೆ. ಕುಕ್ಕರ್ ಗ್ಯಾಸ್ಕೆಟ್ ಹೊಸದೇ ಆಗಬೇಕು. ಮಣ್ಣು, ಪಿಂಗಾಣಿ ಪಾತ್ರೆಗಳನ್ನು ಕಟ್ಟಿ ಅಟ್ಟಕ್ಕೆ ಹಾಕಿ.

ಮುಂದಿನ ಪ್ರಶ್ನೆ ಅಕ್ಕಿ. ಬೆನೆ ಇಸ್ರಾಯೇಲ್, ಕೊಚ್ಚಿ ಯಹೂದಿಗಳು ಈ ಎಂಟು ದಿನವೂ ಅನ್ನ ತಿನ್ನುತ್ತಾರೆ. ಅಕ್ಕಿಯನ್ನು ಮೂರು ಸಲ ಆರಿಸಿ ಒಂದೂ ಗೋಧಿ ಕಾಳಿಲ್ಲ ಅಂತ ನೋಡಿಕೊಂಡರಾಯಿತು. ಅಶ್ಕೆನಾಜಿಗಳಿಗೆ ಅಕ್ಕಿ, ಬೇಳೆಕಾಳು, ಜೋಳ, ರಾಗಿ, ಎಳ್ಳು, ಸಾಸಿವೆ ಏನೂ ಇಲ್ಲ. ಅಂದರೆ ಇಡ್ಲಿ, ದೋಸೆ, ಹುಳಿ ಇರಲಿ, ಒಗ್ಗರಣೆಯೂ ಇಲ್ಲ. ಇಂಥವರಿಗೆ ಅಡುಗೆ ಯೋಚಿಸುವಾಗ ಏಕಾದಶಿ ಫಲಾಹಾರದ ಪಟ್ಟಿಯಿಂದ ಶುರು ಮಾಡಿ, ಅದರಿಂದ ಗೋಧಿ ಉಪ್ಪಿಟ್ಟು, ಅವಲಕ್ಕಿ, ಕಡಲೆಕಾಯಿ ತೆಗೆದುಬಿಡಿ. ಉಳಿಯುವುದು ಕಡಿಮೆಯೇನಲ್ಲ: ಆಲೂಗಡ್ಡೆ, ಮರಗೆಣಸು, ಸಿಹಿಗೆಣಸು, ಬಾಳೆಕಾಯಿ, ಬೂದುಗುಂಬಳ, ಪಡವಲ, ಸಬ್ಬಕ್ಕಿ, ಕಾಯಿ, ಬೆಲ್ಲ. ಎಣ್ಣೆ ಕೊಬ್ಬರಿಯದು. ಒಗ್ಗರಣೆಗೆ ಕರಿಬೇವು, ಹಸಿಮೆಣಸಿನಕಾಯಿ, ಶುಂಠಿ, ಕಾಳುಮೆಣಸು. ಮಜ್ಜಿಗೆ ಹುಳಿಗೆ ಕಡಲೆಬೇಳೆ ಬದಲು ಗೋಡಂಬಿ ರುಬ್ಬಿದರೆ ಗಟ್ಟಿ ಬರುತ್ತದೆ. ಸಬ್ಬಕ್ಕಿಯನ್ನು ಮೂರು ಸಲ ಪಿಷ್ಟ ಹೋಗುವಂತೆ ತೊಳೆದು, ಕಾಳು ಮುಳುಗಿ ಮುಳುಗದಷ್ಟು ನೀರಲ್ಲಿ ನಾಲ್ಕು ಗಂಟೆ ನೆನೆಸಿ. ಬೆರಳಲ್ಲಿ ಹಿಸುಕಿದರೆ ಪುಡಿಯಾಗಬೇಕು. ನೀರು ಹೆಚ್ಚಾದರೆ ಬಾಣಲೆಯಲ್ಲಿ ಒಂದೇ ಮುದ್ದೆ.

ಮಟ್ಸಾ ಅನ್ನುವ ಹುಳಿಬಾರದ ರೊಟ್ಟಿಯನ್ನು ಮನೆಯಲ್ಲಿ ಚಪಾತಿ ಲಟ್ಟಿಸಿ ಮಾಡಲಾಗದು. ನೀರು ಬಿದ್ದ 18 ನಿಮಿಷದೊಳಗೆ ಬೆಂದಿರಬೇಕು ಅನ್ನುವುದು ಒಂದು ಕಡೆ. ಬೀಸುವ ಮುಂಚೆಯೇ ಗಿರಣಿಯಲ್ಲಿ ಗೋಧಿಗೆ ನೀರು ತಾಗಿಸಿರುವುದರಿಂದ ಅಂಗಡಿಯ ಹಿಟ್ಟೇ ಆಗದು. ಮುಂಬೈಯಿಂದಲೋ ಇಸ್ರೇಲಿನಿಂದ ಬರುವವರ ಕೈಲೋ ತಿಂಗಳ ಮೊದಲೇ ತರಿಸಿ. ಮೊದಲ ರಾತ್ರಿ ಕಥೆ ಓದುತ್ತ ಮಾಡುವ ವಿಧಿಯ ಊಟ ಸೇದರ್. ಅದರ ತಟ್ಟೆಗೆ ಕಹಿಗೆ ಲೆಟ್ಯೂಸ್, ಉಪ್ಪುನೀರಲ್ಲಿ ಅದ್ದಲು ಬೇಯಿಸಿದ ಆಲೂಗಡ್ಡೆ, ಸುಟ್ಟ ಮೊಟ್ಟೆ, ಎಲುಬಿನ ಬದಲು ಸುಟ್ಟ ಬೀಟ್ರೂಟ್. ಅದೇ ತಟ್ಟೆಯ ಸಿಹಿ ಪಾಕ ಹರೋಸೆತ್‌ಗೆ ಅರ್ಧ ಕೆಜಿ ಮೆತ್ತನೆ ಖರ್ಜೂರ ಒಂದು ಲೀಟರ್ ನೀರಲ್ಲಿ ರಾತ್ರಿ ನೆನೆಸಿ, ಇಪ್ಪತ್ತು ನಿಮಿಷ ಕುದಿಸಿ, ಬಟ್ಟೆಯಲ್ಲಿ ಹಿಂಡಿ, ರಸವನ್ನು ಜೇನಿನ ಹದಕ್ಕೆ ಬತ್ತಿಸಿ. ಬಡಿಸುವಾಗ 100 ಗ್ರಾಂ ಅಕ್ರೋಟ್ ತರಿ ಸೇರಿಸಿ. ಕೊನೆಯ ಹತ್ತು ನಿಮಿಷ ಕೈ ಬಿಡಬೇಡಿ, ತಳ ಹಿಡಿದರೆ ಇಡೀ ಪಾಕ ಕಹಿ. ಕಥಾಪಾರಾಯಣ ಮುಗಿದು ಊಟ ಬರುವಾಗ ರಾತ್ರಿ ಒಂಬತ್ತಾಗುವುದು ಮಾಮೂಲು. ಮಕ್ಕಳಿಗೆ ಸಂಜೆಯೇ ಹೊಟ್ಟೆಗೆ ಏನಾದರೂ ಹಾಕಿ.

2027ರಲ್ಲಿ ಪೆಸಾಹ್ ಏಪ್ರಿಲ್ 21ರ ಬುಧವಾರ ಸಂಜೆ ಶುರು. ಎರಡು ದಿನ ಹಿಡಿಯುವವರಿಗೆ ಗುರುವಾರ, ಶುಕ್ರವಾರ ಹಬ್ಬ, ಬೆನ್ನಿಗೇ ಶಬ್ಬಾತ್. ಮೂರು ದಿನ ಒಂದೇ ಓಟ. ಹಬ್ಬದ ದಿನ ಅಡುಗೆ ಮಾಡಬಹುದು, ಆದರೆ ಮೊದಲೇ ಉರಿಯುತ್ತಿದ್ದ ಬೆಂಕಿಯಿಂದ. ಬುಧವಾರವೇ ಒಂದು ನಂದಾದೀಪ ಹಚ್ಚಿಟ್ಟು ಅದರಿಂದ ಒಲೆಗೆ ಉರಿ ತೆಗೆಯುತ್ತಾರೆ, ಆರಿಸುವಂತಿಲ್ಲ. ಶುಕ್ರವಾರ ಶಬ್ಬಾತ್‌ಗೆ ಅಡುಗೆ ಮಾಡಲು, ಬುಧವಾರ ಸಂಜೆಯೊಳಗೆ ಒಂದು ಮಟ್ಸಾ, ಒಂದು ಬೇಯಿಸಿದ ಮೊಟ್ಟೆ ತೆಗೆದಿಟ್ಟು ಪ್ರಾರ್ಥನೆ ಹೇಳಿರಬೇಕು. ಅದು ಮರೆತರೆ ಶನಿವಾರದ ಊಟಕ್ಕೆ ತೊಂದರೆ. ಹಬ್ಬ ಮುಗಿಯುವುದು 29ರ ಗುರುವಾರ ಕತ್ತಲಾದ ಮೇಲೆ. ಮಿಕ್ಸಿ, ಗ್ರೈಂಡರ್ ಅದಕ್ಕೆ ಮುಂಚೆ ತಿರುಗುವುದಿಲ್ಲ, ಆಗ ರುಬ್ಬಿದ ಹಿಟ್ಟು ಬೆಳಿಗ್ಗೆಗೆ ಸರಿಯಾಗಿ ಹುದುಗಿರುವುದೂ ಇಲ್ಲ. ಶುಕ್ರವಾರದ ತಿಂಡಿಗೆ ದೋಸೆ ಅಂದುಕೊಳ್ಳಬೇಡಿ, ಹೊಸ ರವೆ ತಂದು ಉಪ್ಪಿಟ್ಟು ಕೆದಕಿ.